ತಿಳಿಯಾದುದೆಲ್ಲ ನೀರಲ್ಲ

ನಮ್ಮ ಕಾವ್ಯಮೀಮಾಂಸೆಯಲ್ಲಿ ‘ಕವಿಸಮಯ’ ಎಂಬ ಮಾತಿದೆ. ಲೋಕದಲ್ಲಿ ಇಲ್ಲದ್ದನ್ನು ಇದೆಯೆಂದು ಕವಿಗಳೆಲ್ಲ ಒಪ್ಪಿಕೊಂಡು ಬಂದ ರೂಢಿ ಅದು. ಚಕೋರ ಬೆಳದಿಂಗಳು ಕುಡಿದು ಬದುಕುತ್ತದೆ. ಹಂಸ ನೀರನ್ನು ಬಿಟ್ಟು ಹಾಲನ್ನಷ್ಟೇ ಹೀರುತ್ತದೆ. ಹಂಸದ ಮುಂದೆ ಬಟ್ಟಲಿಟ್ಟು ಪರೀಕ್ಷಿಸಲು ಯಾರೂ ಹೋಗುವುದಿಲ್ಲ. ಹೇಳುವವರಿಗೂ ಕೇಳುವವರಿಗೂ ಅದು ನಿಜವಲ್ಲವೆಂದು ಗೊತ್ತಿರುವುದರಿಂದ ಅದರಿಂದ ಯಾರಿಗೂ ಕೇಡಿಲ್ಲ.

ರಸಾಯನಶಾಸ್ತ್ರದಲ್ಲೂ ಅಂಥದೊಂದು ಕವಿಸಮಯ ಬೆಳೆದು ನಿಂತಿದೆ. ಅದರಿಂದ ಕೇಡಿದೆ. ಬೆಳಕು ಬಿದ್ದರೆ ಕೆಲಸ ಮಾಡುವ ಒಂದು ಪುಡಿಯನ್ನು ತಯಾರಿಸಿ, ಬಣ್ಣದ ನೀರಿಗೆ ಹಾಕಿ, ನೀರು ತಿಳಿಯಾದದ್ದನ್ನು ಗ್ರಾಫಿನಲ್ಲಿ ತೋರಿಸಿ, ಕೊನೆಯಲ್ಲಿ ಒಂದು ವಾಕ್ಯ ಬರೆಯುತ್ತಾರೆ: ಈ ವಸ್ತುವನ್ನು ಜವಳಿ ಉದ್ಯಮದ ತ್ಯಾಜ್ಯನೀರಿನ ಶುದ್ಧೀಕರಣಕ್ಕೆ ಬಳಸಬಹುದು. ನನ್ನ ತಕರಾರು ಆ ಪುಡಿಯ ಮೇಲಲ್ಲ, ಆ ಕೊನೆಯ ವಾಕ್ಯದ ಮೇಲೆ.

ನಾನು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ವರ್ಷವರ್ಷವೂ ನನ್ನ ಮೇಜಿಗೆ ಪ್ರಾಜೆಕ್ಟ್ ವರದಿಗಳು ಬರುತ್ತವೆ, ಹಳೆಯ ವಿದ್ಯಾರ್ಥಿಗಳು ತಮ್ಮ ಪ್ರಬಂಧಗಳನ್ನು ಕಳಿಸುತ್ತಾರೆ. ಶೀರ್ಷಿಕೆಗಳು ಬೇರೆಬೇರೆ. ಒಂದರಲ್ಲಿ ಸತುವಿನ ಆಕ್ಸೈಡಿಗೆ ಗ್ರ್ಯಾಫೀನ್ ಬೆರೆಸಿರುತ್ತಾರೆ, ಇನ್ನೊಂದರಲ್ಲಿ ಟೈಟಾನಿಯಂ ಡೈಆಕ್ಸೈಡಿಗೆ ಕಾರ್ಬನ್ ನೈಟ್ರೈಡ್, ಮತ್ತೊಂದರಲ್ಲಿ ಬಿಸ್ಮತ್ ವನಡೇಟಿಗೆ ಬೆಳ್ಳಿ. ಯಾವುದೋ ಗಿಡದ ಎಲೆಯ ರಸ ಹಾಕಿ ತಯಾರಿಸಿದ್ದರೆ ‘ಹಸಿರು ವಿಧಾನ’ ಎಂಬ ಬಿರುದೂ ಸೇರುತ್ತದೆ. ಪಾಕ ಮಾತ್ರ ಒಂದೇ. ಭಟ್ಟಿ ಇಳಿಸಿದ ನೀರಿನಲ್ಲಿ ಲೀಟರಿಗೆ 10 ಮಿಲಿಗ್ರಾಂನಂತೆ ಮೆಥಿಲೀನ್ ಬ್ಲೂ ಕರಗಿಸಬೇಕು. ನೂರು ಮಿಲಿಲೀಟರ್ ಬೀಕರಿಗೆ ಚಿಟಿಕೆ ಪುಡಿ ಹಾಕಿ ಅರ್ಧ ಗಂಟೆ ಕತ್ತಲಲ್ಲಿ ಕಲಕಬೇಕು. ಆಮೇಲೆ ದೀಪ ಹಚ್ಚಿ, ಹದಿನೈದು ನಿಮಿಷಕ್ಕೊಮ್ಮೆ ಸ್ವಲ್ಪ ನೀರು ತೆಗೆದು, ಪುಡಿಯನ್ನು ಬೇರ್ಪಡಿಸಿ, 664 ನ್ಯಾನೊಮೀಟರಿನಲ್ಲಿ ಬಣ್ಣದ ಗಾಢತೆ ಅಳೆಯಬೇಕು. ಎರಡು ಗಂಟೆಯಲ್ಲಿ ಗೆರೆ ಕೆಳಗಿಳಿಯುತ್ತದೆ. ಶೇಕಡಾ 95 ಬಣ್ಣ ಹೋಯಿತು. ಆ ಮೇಲೆ ಆ ಕೊನೆಯ ವಾಕ್ಯ.

ಇದರ ಹಿಂದಿರುವ ವಿಜ್ಞಾನ ನಿಜವಾದದ್ದು, ಸುಂದರವಾದದ್ದೂ ಹೌದು. 1972ರಲ್ಲಿ ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೋಂಡಾ ನೀರಿನಲ್ಲಿಟ್ಟ ಟೈಟಾನಿಯಂ ಡೈಆಕ್ಸೈಡ್ ವಿದ್ಯುದ್ವಾರದ ಮೇಲೆ ಬೆಳಕು ಬೀರಿದರೆ ನೀರು ಒಡೆಯುತ್ತದೆಂದು ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಅಂಥ ಅರೆವಾಹಕದ ಮೇಲೆ ತಕ್ಕಷ್ಟು ಶಕ್ತಿಯ ಬೆಳಕು ಬಿದ್ದಾಗ ಒಂದು ಎಲೆಕ್ಟ್ರಾನ್ ತನ್ನ ಜಾಗ ಬಿಟ್ಟು ಮೇಲೇಳುತ್ತದೆ. ಅದು ಬಿಟ್ಟ ಜಾಗದಲ್ಲಿ ಒಂದು ‘ರಂಧ್ರ’ ಉಳಿಯುತ್ತದೆ. ಎಲೆಕ್ಟ್ರಾನು ಆಮ್ಲಜನಕವನ್ನು ಹಿಡಿಯುತ್ತದೆ, ರಂಧ್ರವು ನೀರನ್ನು ಹಿಡಿಯುತ್ತದೆ. ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಥದೆಂದರೆ, ಎದುರಿಗೆ ಸಿಕ್ಕ ಇಂಗಾಲದ ಅಣುವನ್ನು ಹರಿದು ಹಾಕದೆ ಬಿಡುವುದಿಲ್ಲ. ಪೂರ್ತಿ ಬಿಟ್ಟರೆ ಕೊನೆಗೆ ಉಳಿಯುವುದು ಇಂಗಾಲದ ಡೈಆಕ್ಸೈಡ್, ನೀರು, ಒಂದಷ್ಟು ಲವಣ. 1976–77ರ ಹೊತ್ತಿಗೇ ಈ ದಾರಿಯಲ್ಲಿ ನೀರಿನೊಳಗಿನ ಪಿಸಿಬಿ ಮತ್ತು ಸಯನೈಡ್ ವಿಷಗಳನ್ನು ಒಡೆಯಬಹುದೆಂದು ತೋರಿಸಿದವರಿದ್ದಾರೆ.

ತೊಡಕು ಎರಡು. ಟೈಟಾನಿಯಂ ಡೈಆಕ್ಸೈಡ್ ಎಚ್ಚರಗೊಳ್ಳಲು 3.2 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು, ಅಂದರೆ ಸುಮಾರು 387 ನ್ಯಾನೊಮೀಟರಿಗಿಂತ ಗಿಡ್ಡ ತರಂಗದ ನೇರಳಾತೀತ ಬೆಳಕು. ನಮ್ಮ ನೆತ್ತಿಯ ಮೇಲೆ ಸುರಿಯುವ ಬಿಸಿಲಿನಲ್ಲಿ ಅದರ ಪಾಲು ಶೇಕಡಾ 4–5 ಮಾತ್ರ. ಇನ್ನೊಂದು ತೊಡಕು, ಬೇರೆಯಾದ ಎಲೆಕ್ಟ್ರಾನು ಮತ್ತು ರಂಧ್ರ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಮೊದಲೇ ಮತ್ತೆ ಕೂಡಿಬಿಡುತ್ತವೆ. ಈ ಎರಡನ್ನೂ ಗೆಲ್ಲಲೆಂದೇ ಕಾಂಪೊಸಿಟ್‌ಗಳು ಬಂದವು. ಎರಡು ಅರೆವಾಹಕಗಳನ್ನು ಅಂಟಿಸಿದರೆ ಎಲೆಕ್ಟ್ರಾನು ಒಂದರಲ್ಲಿ, ರಂಧ್ರ ಇನ್ನೊಂದರಲ್ಲಿ ನಿಲ್ಲುತ್ತದೆ. ಕಣ್ಣಿಗೆ ಕಾಣುವ ಬೆಳಕನ್ನು ಹೀರುವ ವಸ್ತುವನ್ನು ಸೇರಿಸಿದರೆ ಬಿಸಿಲಿನ ಹೆಚ್ಚು ಪಾಲು ಕೆಲಸಕ್ಕೆ ಬರುತ್ತದೆ. ಇದನ್ನೆಲ್ಲ ಅರಿಯಲು ಆಯುಷ್ಯ ಕೊಟ್ಟ ವಿಜ್ಞಾನಿಗಳ ಮುಂದೆ ನಾನು ತಲೆಬಾಗುತ್ತೇನೆ. ಆದರೆ ಅವರ ಹೆಸರಿನಲ್ಲಿ ನಡೆಯುತ್ತಿರುವ ಸಂತೆಯ ಮುಂದೆ ತಲೆಬಾಗಲಾರೆ.

ಮೊದಲು ಆ ಬಣ್ಣವನ್ನೇ ನೋಡೋಣ. ಮೆಥಿಲೀನ್ ಬ್ಲೂ 1876ರಲ್ಲಿ ಜರ್ಮನಿಯಲ್ಲಿ ಹೈನ್ರಿಶ್ ಕಾರೊ ತಯಾರಿಸಿದ ಬಣ್ಣ. 1891ರಲ್ಲಿ ಪೌಲ್ ಎರ್ಲಿಶ್ ಅದನ್ನು ಮಲೇರಿಯಾ ರೋಗಿಗಳಿಗೆ ಕೊಟ್ಟು ನೋಡಿದ. ಸೂಕ್ಷ್ಮದರ್ಶಕದ ಕೆಳಗೆ ಜೀವಕೋಶಗಳಿಗೆ ಬಣ್ಣ ಕೊಡಲು ಇವತ್ತಿಗೂ ಅದು ಬೇಕು, ಆಸ್ಪತ್ರೆಯಲ್ಲಿ ಔಷಧಿಯಾಗಿಯೂ ಬೇಕು. ಆದರೆ ಹತ್ತಿಯ ನೂಲಿಗೆ ಇವತ್ತು ಹಾಕುವ ಬಣ್ಣ ಅದಲ್ಲ. ಹತ್ತಿಗೆ ಬಳಸುವುದು ಹೆಚ್ಚಾಗಿ ರಿಯಾಕ್ಟಿವ್ ಬಣ್ಣಗಳು, ಜೀನ್ಸಿಗೆ ಇಂಡಿಗೊ, ಜರಿಯಂಚಿನ ರೇಷ್ಮೆಗೆ ಆಮ್ಲಬಣ್ಣಗಳು. ಜವಳಿ ಉದ್ಯಮವನ್ನು ಉದ್ಧಾರ ಮಾಡುವ ಸಂಶೋಧನೆ ಜವಳಿಯವರು ಮುಟ್ಟದ ಬಣ್ಣದ ಮೇಲೆ ನಡೆಯುತ್ತಿದೆ. ಸುಲಭವಾಗಿ ಸಿಗುತ್ತದೆ, ಅಗ್ಗ, ಮತ್ತು ಬಲು ಬೇಗ ಬಣ್ಣ ಕಳೆದುಕೊಳ್ಳುತ್ತದೆ ಎಂಬುದೇ ಅದರ ಅರ್ಹತೆ.

ನೇಕಾರರ ಊರಿನಿಂದ ಬಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇದನ್ನು ನನಗಿಂತ ಚೆನ್ನಾಗಿ ಹೇಳಿದ್ದಳು. ಅವಳ ಮನೆಯಲ್ಲಿ ಮೂರು ತಲೆಮಾರಿನಿಂದ ನೂಲಿಗೆ ಬಣ್ಣ ಹಾಕುತ್ತಾರೆ. ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿದಾಗ ಇದೇ ವಿಷಯ ಸಿಕ್ಕಿತು. ಅವಳಿಗೆ ಖುಷಿಯೋ ಖುಷಿ. ರಜೆಗೆ ಹೋದವಳು ಮನೆಯ ಹಿಂದಿನ ಕಾಲುವೆಯಿಂದ ಒಂದು ಕ್ಯಾನ್ ನೀರು ತುಂಬಿ ತಂದಳು. ಮಾರ್ಗದರ್ಶಕರು ಅದನ್ನು ಪ್ರಯೋಗಾಲಯದೊಳಗೆ ತರಗೊಡಲಿಲ್ಲ. ಉಪಕರಣ ಹಾಳಾಗುತ್ತದೆ, ಗ್ರಾಫ್ ಚೆನ್ನಾಗಿ ಬರುವುದಿಲ್ಲ, ಪತ್ರಿಕೆಯವರು ಒಪ್ಪುವುದಿಲ್ಲ. “ಸರ್, ನಮ್ಮಪ್ಪ ಆ ನೀಲಿ ಹೆಸರೇ ಕೇಳಿಲ್ಲ ಅಂತಾನೆ. ಯಾರ ಮನೆ ನೀರು ತೊಳೀತಿದೀನಿ ನಾನು?” ಎಂದು ಅವಳು ಕೇಳಿದಳು. ನಾಲ್ಕು ವರ್ಷ ಅವಳು ಭಟ್ಟಿ ನೀರನ್ನೇ ತೊಳೆದಳು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂಬ ಗಾದೆ ಇಂಥದ್ದಕ್ಕೇ ಹುಟ್ಟಿರಬೇಕು.

ಎರಡನೆಯ ಪ್ರಶ್ನೆ: ಬಣ್ಣ ಹೋಯಿತು ಎಂದರೆ ಏನು ಹೋಯಿತು?

ಶಾಲೆಯ ವಿಜ್ಞಾನ ಪ್ರದರ್ಶನಗಳಲ್ಲಿ ‘ನೀಲಿ ಬಾಟಲಿ’ ಎಂಬ ಆಟ ತೋರಿಸುತ್ತಾರೆ. ಕ್ಷಾರ ಮತ್ತು ಗ್ಲೂಕೋಸ್ ಬೆರೆಸಿದ ನೀರಿಗೆ ಮೆಥಿಲೀನ್ ಬ್ಲೂ ಹಾಕಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ನೀರು ಬಣ್ಣ ಕಳೆದುಕೊಳ್ಳುತ್ತದೆ. ಬಾಟಲಿ ಅಲುಗಾಡಿಸಿದರೆ ಗಾಳಿಯ ಆಮ್ಲಜನಕ ಬೆರೆತು ನೀಲಿ ಮರಳಿ ಬರುತ್ತದೆ. ಬಣ್ಣ ಎಲ್ಲಿಗೂ ಹೋಗಿರಲಿಲ್ಲ. ವೇಷ ಬದಲಿಸಿತ್ತು ಅಷ್ಟೇ. ಇಂಡಿಗೊ ಹಾಕುವವರಿಗೆ ಇದು ಸಾವಿರಾರು ವರ್ಷಗಳ ಹಳೆಯ ವಿದ್ಯೆ. ನೀಲಿ ನೀರಿನಲ್ಲಿ ಕರಗದು, ಆದ್ದರಿಂದ ತೊಟ್ಟಿಯಲ್ಲಿ ಅದರ ನೀಲಿತನವನ್ನು ಕಳೆದು ಕರಗಿಸುತ್ತಾರೆ. ಹಳದಿ–ಹಸಿರು ನೀರಿನಲ್ಲಿ ಅದ್ದಿ ತೆಗೆದ ನೂಲು ಗಾಳಿಗೆ ಬಂದಾಗ ನೀಲಿಯಾಗುತ್ತದೆ. ಬಣ್ಣ ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ ಎಂಬುದು ಬಣ್ಣ ಹಾಕುವವರ ಮನೆಯ ಮಗುವಿಗೂ ಗೊತ್ತು.

ಬೆಳಕಿನ ಪುಡಿ ಅಣುವನ್ನು ನಿಜವಾಗಿ ಕಡಿದಾಗಲೂ, ಬಣ್ಣಕ್ಕೆ ಕಾರಣವಾದ ಒಂದು ಕೊಂಡಿ ಮುರಿದರೆ ಸಾಕು, ನಮ್ಮ ಕಣ್ಣಿಗೆ ನೀರು ತಿಳಿಯಾಗುತ್ತದೆ. ಅಣುವಿನ ಉಳಿದ ತುಂಡುಗಳು ನೀರಿನಲ್ಲೇ ಇರುತ್ತವೆ. ಜವಳಿ ಬಣ್ಣಗಳಲ್ಲಿ ದೊಡ್ಡ ಕುಟುಂಬ ಅಜೊ ಬಣ್ಣಗಳದು. ಅವುಗಳಲ್ಲಿ ಕೆಲವು ಒಡೆದಾಗ ಕ್ಯಾನ್ಸರ್ ತರಬಲ್ಲ ಆರೊಮ್ಯಾಟಿಕ್ ಅಮೀನ್‌ಗಳು ಹುಟ್ಟುತ್ತವೆಂಬ ಕಾರಣಕ್ಕೇ 1990ರ ದಶಕದಲ್ಲಿ ಭಾರತವೂ ನೂರಕ್ಕೂ ಹೆಚ್ಚು ಬಣ್ಣಗಳನ್ನು ನಿಷೇಧಿಸಿತು. ಬಣ್ಣವಿದ್ದಾಗ ಜನ ನೀರನ್ನು ಕಂಡು ದೂರ ಸರಿಯುತ್ತಾರೆ, ದನಕ್ಕೂ ಕುಡಿಸುವುದಿಲ್ಲ. ಅರ್ಧ ಕಡಿದ ಅಣುಗಳಿರುವ ತಿಳಿನೀರು ಯಾರನ್ನೂ ಎಚ್ಚರಿಸುವುದಿಲ್ಲ. ಪೂರ್ತಿ ಕಡಿದಿದೆಯೇ ಎಂದು ತಿಳಿಯಲು ದಾರಿಯಿದೆ. ನೀರಿನಲ್ಲಿ ಉಳಿದ ಒಟ್ಟು ಸಾವಯವ ಇಂಗಾಲವನ್ನು ಅಳೆಯಬೇಕು; ಅದಕ್ಕೆ ಯಂತ್ರವಿಲ್ಲದಿದ್ದರೆ ಸಿಒಡಿಯನ್ನಾದರೂ ನೋಡಬೇಕು. ನನ್ನ ಮೇಜಿಗೆ ಬರುವ ವರದಿಗಳಲ್ಲಿ ಈ ಅಂಕಿ ಕಾಣುವುದು ಅಪರೂಪ.

ಇನ್ನೊಂದು ಸೂಕ್ಷ್ಮವೂ ಇದೆ. ಬಣ್ಣ ತಾನೇ ಬೆಳಕನ್ನು ಹೀರುವ ವಸ್ತು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಪ್ರಯೋಗ ಮಾಡಿದಾಗ ಬಣ್ಣವೇ ಬೆಳಕು ಹೀರಿ, ತನ್ನ ಎಲೆಕ್ಟ್ರಾನನ್ನು ಪುಡಿಗೆ ಕೊಟ್ಟು, ತಾನಾಗಿ ಒಡೆಯಬಹುದು. ಆಗ ಪುಡಿಯ ಪರಾಕ್ರಮವೆಂದು ನಾವು ಬರೆದುಕೊಳ್ಳುವುದು ಬಣ್ಣದ ಆತ್ಮಹತ್ಯೆಯನ್ನು. ಇಂಥ ಪರೀಕ್ಷೆಗೆ ಮೆಥಿಲೀನ್ ಬ್ಲೂ ತಕ್ಕ ವಸ್ತುವೇ ಎಂದು ಜಪಾನಿನ ಬುನ್ಶೊ ಒಟಾನಿ ಮತ್ತು ಸಂಗಡಿಗರು 2006ರಲ್ಲೇ ಪ್ರಶ್ನಿಸಿ ಬರೆದರು. ಆ ಪ್ರಶ್ನೆಗೆ ಈಗ ಸುಮಾರು ಇಪ್ಪತ್ತು ವರ್ಷ. ಕೇಳಿಸಿಕೊಂಡವರು ಕಡಿಮೆ.

ಮೂರನೆಯದು ನೀರು. ಬಣ್ಣ ಹಾಕುವ ಮನೆಯಿಂದ ಹೊರಬರುವುದು ಬಣ್ಣ ಕರಗಿದ ಭಟ್ಟಿ ನೀರಲ್ಲ. ರಿಯಾಕ್ಟಿವ್ ಬಣ್ಣ ಹತ್ತಿಗೆ ಹತ್ತಬೇಕಾದರೆ ತೊಟ್ಟಿಗೆ ಉಪ್ಪು ಸುರಿಯಬೇಕು, ಸೋಡಾ ಹಾಕಬೇಕು. ಗಾಢ ಬಣ್ಣಕ್ಕೆ ಲೀಟರಿಗೆ 60–80 ಗ್ರಾಂ ಉಪ್ಪು ಬೀಳುವುದುಂಟು. ಸಮುದ್ರದ ನೀರಿನಲ್ಲಿ ಇರುವುದು ಲೀಟರಿಗೆ ಸುಮಾರು 35 ಗ್ರಾಂ. ಇಷ್ಟಾದರೂ ಹಾಕಿದ ಬಣ್ಣವೆಲ್ಲ ನೂಲಿಗೆ ಹತ್ತುವುದಿಲ್ಲ. ಒಂದು ಪಾಲು ತೊಳೆದ ನೀರಿನೊಂದಿಗೆ ಹೋಗುತ್ತದೆ. ಜೊತೆಗೆ ನೂಲಿನ ಗಂಜಿ, ಸೋಪು, ಎಳೆಯ ಧೂಳು, ಬಿಸಿ. ಈ ನೀರಿನಲ್ಲಿ ಬೆಳಕು ಎಷ್ಟು ಆಳ ಇಳಿದೀತು? ಕಪ್ಪು ಬಣ್ಣ ಹಾಕಿದ ದಿನ ಬೆರಳುದ್ದವೂ ಇಳಿಯದು. ಇಳಿದ ಕಡೆಯಲ್ಲೂ ಆ ರ‍್ಯಾಡಿಕಲ್‌ಗೆ ಬಣ್ಣದ ಅಣು ಸಿಗುವ ಮೊದಲು ಕ್ಲೋರೈಡ್, ಕಾರ್ಬೊನೇಟ್, ಗಂಜಿ ಸಿಗುತ್ತವೆ. ಅದು ತನ್ನ ಕಸುವನ್ನೆಲ್ಲ ಅವುಗಳ ಮೇಲೆ ಕಳೆಯುತ್ತದೆ.

ಒಂದು ಸಾದಾ ಲೆಕ್ಕ ಹಾಕಿ ನೋಡಿ. ಬೀಕರಿನಲ್ಲಿ ಸಾಮಾನ್ಯವಾಗಿ ಹಾಕುವುದು ಲೀಟರಿಗೆ ಒಂದು ಗ್ರಾಂ ಪುಡಿ. ದಿನಕ್ಕೆ ಒಂದು ಲಕ್ಷ ಲೀಟರ್ ನೀರು ಬಿಡುವ ಘಟಕಕ್ಕೆ ಇದು ನೂರು ಕಿಲೊ. ಕೂದಲೆಳೆಯ ಸಾವಿರದೊಂದು ಪಾಲಿನಷ್ಟು ಸಣ್ಣ ಕಣಗಳನ್ನು ಲಕ್ಷ ಲೀಟರ್ ನೀರಿನಿಂದ ಮತ್ತೆ ಹಿಡಿಯುವುದು ಹೇಗೆ? ಬೀಕರಿನಲ್ಲಾದರೆ ಸೆಂಟ್ರಿಫ್ಯೂಜ್ ಇದೆ. ಹಿಡಿಯದೆ ಬಿಟ್ಟರೆ ಹೊಳೆಗೆ ಬಣ್ಣದ ಬದಲು ಲೋಹದ ಪುಡಿ ಹರಿಯುತ್ತದೆ. ಸತುವಿನ ಆಕ್ಸೈಡ್ ಆಮ್ಲದಲ್ಲೂ ಕ್ಷಾರದಲ್ಲೂ ಕರಗುವ ವಸ್ತು. ಕ್ಯಾಡ್ಮಿಯಂ ಸಲ್ಫೈಡ್ ಬೆಳಕಿನಲ್ಲಿ ತಾನೇ ಸವೆದು ಕ್ಯಾಡ್ಮಿಯಂ ಬಿಡುತ್ತದೆ. ಪುಡಿಯನ್ನು ಐದು ಸಲ ಮರುಬಳಸಿದೆವೆಂದು ಬರೆಯುವವರಲ್ಲಿ ಆ ಐದೂ ಸಲದ ನೀರಿನಲ್ಲಿ ಎಷ್ಟು ಲೋಹ ಹೋಯಿತೆಂದು ಬರೆಯುವವರು ಎಷ್ಟು ಮಂದಿ?

ಇಷ್ಟೆಲ್ಲ ಗೆದ್ದರೂ ಉಳಿಯುವುದು ಉಪ್ಪು. ನನ್ನ ಇಡೀ ವಾದ ಬಂದು ನಿಲ್ಲುವುದು ಇಲ್ಲಿ. ಉಪ್ಪನ್ನು ಯಾವ ಬೆಳಕೂ ಒಡೆಯದು. ಸೋಡಿಯಂ ಸೋಡಿಯಮ್ಮಾಗಿಯೇ, ಕ್ಲೋರೈಡ್ ಕ್ಲೋರೈಡಾಗಿಯೇ ಉಳಿಯುತ್ತದೆ. ಮತ್ತು ಉಪ್ಪಿಗೆ ಬಣ್ಣವಿಲ್ಲ.

ತಮಿಳುನಾಡಿನ ನೊಯ್ಯಲ್ ಹೊಳೆ ಹೇಳುವುದು ಇದನ್ನೇ. ಪಶ್ಚಿಮ ಘಟ್ಟದ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ಕೊಯಮತ್ತೂರು, ತಿರುಪ್ಪೂರು ದಾಟಿ ಕಾವೇರಿಯನ್ನು ಸೇರುವ ಹೊಳೆ ಅದು. ತಿರುಪ್ಪೂರಿನ ಬನಿಯನ್ನು, ಟೀಶರ್ಟು ಲೋಕಕ್ಕೆಲ್ಲ ಹೋದಂತೆ ಬಣ್ಣದ ನೀರು ನೊಯ್ಯಲ್‌ಗೆ ಹೋಯಿತು. ಕೆಳಗಿನ ರೈತರಿಗೆ ನೀರು ಕೊಡಲೆಂದು 1990ರ ದಶಕದ ಆರಂಭದಲ್ಲಿ ಒರತ್ತುಪಾಳಯದಲ್ಲಿ ಅಣೆಕಟ್ಟು ಕಟ್ಟಿದರು. ಕೆಲವೇ ವರ್ಷಗಳಲ್ಲಿ ಅದು ಬಣ್ಣದ ಮನೆಗಳ ಕೊಳೆ ಸೇರುವ ತೊಟ್ಟಿಯಾಯಿತು. ನೀರು ಬಿಡಿ ಎಂದು ಕೇಳಬೇಕಾದ ರೈತರು ನೀರು ಬಿಡಬೇಡಿ ಎಂದು ನ್ಯಾಯಾಲಯಕ್ಕೆ ಹೋದರು. ಅವರ ಹೊಲ, ಬಾವಿ, ತೆಂಗಿನ ಮರಗಳನ್ನು ಹಾಳು ಮಾಡಿದ್ದರಲ್ಲಿ ಕಣ್ಣಿಗೆ ಕಾಣುವ ಬಣ್ಣಕ್ಕಿಂತ ಕಾಣದ ಉಪ್ಪಿನ ಪಾಲು ದೊಡ್ಡದು. ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಿಂದ ಏಳುನೂರಕ್ಕೂ ಹೆಚ್ಚು ಬಣ್ಣದ ಘಟಕಗಳಿಗೆ ಬೀಗ ಬಿತ್ತು.

ತಿರುಪ್ಪೂರು ಮತ್ತೆ ತೆರೆದದ್ದು ಯಾವುದೋ ಬೆಳಕಿನ ಪುಡಿಯಿಂದಲ್ಲ. ಸೂಕ್ಷ್ಮಜೀವಿಗಳಿಂದ ಕೊಳೆ ತಿನ್ನಿಸಿ, ರಿವರ್ಸ್ ಆಸ್ಮೋಸಿಸ್‌ನಲ್ಲಿ ನೀರು ಸೋಸಿ, ಉಳಿದ ಉಪ್ಪುನೀರನ್ನು ಕುದಿಸಿ ಒಣಗಿಸುವ ವ್ಯವಸ್ಥೆಯಿಂದ. ದುಬಾರಿ ವ್ಯವಸ್ಥೆ ಅದು. ಬೇಕಾದಷ್ಟು ವಿದ್ಯುತ್ತು, ಸೌದೆ ತಿನ್ನುತ್ತದೆ, ಕೊನೆಗೆ ಎಲ್ಲಿ ಹಾಕಬೇಕೆಂದು ತಿಳಿಯದ ಕಲಬೆರಕೆ ಉಪ್ಪನ್ನು ಉಳಿಸುತ್ತದೆ. ನಿಜವಾದ ಸಂಶೋಧನೆಗೆ ಅಲ್ಲಿ ರಾಶಿ ರಾಶಿ ಪ್ರಶ್ನೆಗಳು ಬಿದ್ದಿವೆ. ಕಡಿಮೆ ಉಪ್ಪಿನಲ್ಲಿ ಹತ್ತುವ ಬಣ್ಣ ಯಾವುದು? ಉಪ್ಪುನೀರನ್ನೇ ಮತ್ತೆ ತೊಟ್ಟಿಗೆ ಹಾಕುವುದು ಹೇಗೆ? ಒಂದು ವಿಚಾರಸಂಕಿರಣದಲ್ಲಿ ಇದೇ ಕಾಂಪೊಸಿಟ್ ಬಗ್ಗೆ ಮಾತಾಡಿದವರನ್ನು ನಾನು ಕೇಳಿದೆ, ನಿಮ್ಮ ನೀರಿನಲ್ಲಿ ಉಪ್ಪು ಎಷ್ಟಿತ್ತು ಎಂದು. “ಇದು ಮಾಡೆಲ್ ಸಿಸ್ಟಮ್ ಸರ್” ಎಂದರು. ಸಭೆ ನಕ್ಕಿತು. ಮಾದರಿ ಎನ್ನುವುದು ಯಾವುದರ ಮಾದರಿ ಎಂದು ಕೇಳುವುದು ನಗುವ ಮಾತಾಗಿದೆ.

ಬಣ್ಣದ ಕೇಡು ಬಣ್ಣ ಹಾಕುವ ಮನೆಯಿಂದಷ್ಟೇ ಶುರುವಾಗುವುದೂ ಅಲ್ಲ. ರಾಜಸ್ಥಾನದ ಉದಯಪುರ ಜಿಲ್ಲೆಯ ಬಿಛ್ಡಿ ಎಂಬ ಹಳ್ಳಿಯಲ್ಲಿ 1980ರ ದಶಕದ ಕೊನೆಯಲ್ಲಿ ಅಜೊ ಬಣ್ಣಗಳಿಗೆ ಬೇಕಾಗುವ ಎಚ್‌–ಆಮ್ಲವನ್ನು ತಯಾರಿಸಿದರು. ಸುಪ್ರೀಂ ಕೋರ್ಟಿನ 1996ರ ತೀರ್ಪಿನಲ್ಲಿ ಬರುವ ಲೆಕ್ಕದಂತೆ, ತಯಾರಾದ ಸುಮಾರು 375 ಟನ್ ಆಮ್ಲಕ್ಕೆ ಹುಟ್ಟಿದ ಕೆಸರು ಸುಮಾರು 2,440 ಟನ್. ಆ ಕೆಸರು ಮಳೆಯೊಂದಿಗೆ ನೆಲಕ್ಕಿಳಿದು ಬಾವಿಗಳ ನೀರು ಕೆಂಪಾಯಿತು. ಆ ತೀರ್ಪು ಕೆಡಿಸಿದವರೇ ಸರಿಪಡಿಸುವ ವೆಚ್ಚ ಭರಿಸಬೇಕೆಂದು ಹೇಳಿತು. ಕಾನೂನಿನ ಮಾತಿನಲ್ಲೇ ಹೇಳುವುದಾದರೆ, ನೀರು ಕೆಡಿಸುವುದನ್ನು ತಡೆಯುವ ಕಾಯ್ದೆ ನಮ್ಮಲ್ಲಿ 1974ರಿಂದಲೂ ಇದೆ.

ಕಾಯ್ದೆಯ ಮಾತು ತಂದದ್ದು ಸುಮ್ಮನೆ ಅಲ್ಲ. ಆ ಕೊನೆಯ ವಾಕ್ಯದಿಂದ ಕೇಡಿದೆ ಎಂದೆನಲ್ಲ, ಆ ಕೇಡು ಇದು: ಇಂದಲ್ಲ ನಾಳೆ ಒಂದು ಪುಡಿ ಬಂದು ಎಲ್ಲವನ್ನೂ ತಿಳಿಯಾಗಿಸುತ್ತದೆ ಎಂಬ ಭರವಸೆ, ಇಂದು ಮಾಡಬೇಕಾದ ಕೆಲಸವನ್ನು ಮುಂದೂಡಲು ಎಲ್ಲರಿಗೂ ಅನುಕೂಲ. ಬಳ್ಳಾರಿಯ ಜೀನ್ಸ್ ತೊಳೆಯುವ ಘಟಕಗಳ ನೀರು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೆ ಸಿಗಬೇಕಾದ ಉತ್ತರ ಕೊಳವೆ, ತೊಟ್ಟಿ, ಸಾಮೂಹಿಕ ಶುದ್ಧೀಕರಣ ಘಟಕ, ಅದನ್ನು ನಡೆಸುವ ಹಣ, ದಿನವೂ ಮೀಟರ್ ನೋಡುವ ಒಬ್ಬ ಮನುಷ್ಯ. ಇವುಗಳಲ್ಲಿ ಯಾವುದಕ್ಕೂ ಪತ್ರಿಕೆಗಳಲ್ಲಿ ಜಾಗವಿಲ್ಲ. ಇಳಕಲ್ಲಿನಲ್ಲೋ ಬನಹಟ್ಟಿಯಲ್ಲೋ ಮನೆಯ ಹಿತ್ತಲಲ್ಲಿ ನೂಲಿನ ಲಡಿ ಅದ್ದುವವನಿಗೆ ಲಕ್ಷಗಟ್ಟಲೆ ಬೆಲೆಯ ಯಂತ್ರ ಕೊಳ್ಳಲಾಗದು. ಅವನಿಗೂ ನೂರು ಯಂತ್ರಗಳ ಕಾರ್ಖಾನೆಗೂ ಒಂದೇ ಉತ್ತರ ಹೊಂದುವುದಿಲ್ಲ. ಆದರೆ ಪ್ರಬಂಧದ ಕೊನೆಯ ವಾಕ್ಯದಲ್ಲಿ ಅವರಿಬ್ಬರೂ ‘ಜವಳಿ ಉದ್ಯಮ’ವೆಂಬ ಒಂದೇ ಪದದೊಳಗೆ ಸೇರಿಹೋಗುತ್ತಾರೆ.

ಹಾಗಾದರೆ ಇಷ್ಟು ಜನ ಯಾಕೆ ಇದನ್ನೇ ಮಾಡುತ್ತಾರೆ? ದಡ್ಡರೆಂದಲ್ಲ. ನಮ್ಮ ಬಹುಪಾಲು ಕಾಲೇಜುಗಳಲ್ಲಿ ಇರುವುದು ಒಂದು ಒಲೆ, ಒಂದು ದೀಪ, ಒಂದು ಸ್ಪೆಕ್ಟ್ರೋಫೋಟೋಮೀಟರ್. ಈ ಮೂರರಿಂದ ಮಾಡಬಹುದಾದ, ಸೋಲದ, ಬೇಗ ಮುಗಿಯುವ, ಹೆಚ್ಚು ಉಲ್ಲೇಖ ಸಿಗುವ ಕೆಲಸ ಇದು. ಬಡ್ತಿಗೆ ಲೆಕ್ಕಕ್ಕೆ ಬರುವುದು ಪ್ರಕಟಣೆಗಳ ಸಂಖ್ಯೆ. ಮೂಲವಸ್ತುಗಳ ಪಟ್ಟಿಯಿಂದ ಎರಡನ್ನೋ ಮೂರನ್ನೋ ಆರಿಸಿ ಬೆರೆಸುತ್ತಾ ಹೋದರೆ ಶೀರ್ಷಿಕೆಗಳಿಗೆ ಕೊನೆಯೇ ಇಲ್ಲ. ಈ ವ್ಯವಸ್ಥೆಯಲ್ಲಿ ವಿದ್ಯಾರ್ಥಿ ಅಪರಾಧಿಯಲ್ಲ, ಬಲಿ. ಅಪರಾಧಿಗಳು ಬೇರೆ: ಕಾಲುವೆಯ ನೀರನ್ನು ಬಾಗಿಲಲ್ಲೇ ತಡೆಯುವ ಮಾರ್ಗದರ್ಶಕರು, ಬಣ್ಣ ಹೋದದ್ದನ್ನೇ ಶುದ್ಧಿಯೆಂದು ಒಪ್ಪುವ ಪರಿಶೀಲಕರು, ಸಂಖ್ಯೆ ಎಣಿಸಿ ಬಡ್ತಿ ಕೊಡುವ ಸಮಿತಿಗಳು.

ನನ್ನ ಮಾತಿಗೆ ಎದುರಾಗುವ ವಾದಗಳು ನನಗೆ ಗೊತ್ತು. ಮೂಲ ವಿಜ್ಞಾನಕ್ಕೆ ಉಪಯೋಗದ ಹಂಗಿರಬಾರದು ಎನ್ನುತ್ತಾರೆ. ನಾನೂ ಒಪ್ಪುತ್ತೇನೆ. ಎಲೆಕ್ಟ್ರಾನು ಒಂದು ಪದರದಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆಂದು ತಿಳಿಯುವುದೇ ಗುರಿಯಾದರೆ ಅದನ್ನು ಹೆಮ್ಮೆಯಿಂದ ಬರೆಯಿರಿ. ನೇಕಾರನನ್ನು ಎಳೆದು ತರಬೇಡಿ. ಉಪಯೋಗದ ಹೆಸರಿನಲ್ಲಿ ಹಣ ಕೇಳಿ, ಪ್ರಶ್ನೆ ಬಂದಾಗ ಮೂಲ ವಿಜ್ಞಾನದ ಹಿಂದೆ ಅಡಗುವುದು ಎರಡು ದೋಣಿಯ ಮೇಲಿನ ಕಾಲು. ಇನ್ನು ಕೆಲವರು, ಬೆಳಕಿನ ವೇಗವರ್ಧಕ ಎಲ್ಲಿಯೂ ಕೆಲಸಕ್ಕೆ ಬಂದಿಲ್ಲವೇ ಎನ್ನುತ್ತಾರೆ. ಬಂದಿದೆ. ತನ್ನನ್ನು ತಾನೇ ಸ್ವಚ್ಛಗೊಳಿಸುವ ಕಿಟಕಿ ಗಾಜು 2000ದ ದಶಕದಿಂದ ಮಾರುಕಟ್ಟೆಯಲ್ಲಿದೆ. ಸ್ಪೇನಿನ ಅಲ್ಮೇರಿಯಾದ ಸೌರ ಸಂಶೋಧನಾ ಕೇಂದ್ರದಲ್ಲಿ ಬಿಸಿಲನ್ನೇ ಬಳಸಿ, ಕನ್ನಡಿ ಹೊದಿಸಿದ ಕೊಳವೆಗಳಲ್ಲಿ ನಿಜವಾದ ತ್ಯಾಜ್ಯನೀರನ್ನು ಹರಿಸಿ ದಶಕಗಳಿಂದ ಪರೀಕ್ಷಿಸಿದ್ದಾರೆ. ಬೇರೆ ವಿಧಾನಗಳಿಂದ ಬಹುಪಾಲು ಶುದ್ಧವಾದ ನೀರಿನಲ್ಲಿ ಉಳಿದ ಅತ್ಯಲ್ಪ ವಿಷವನ್ನು, ಔಷಧಿಯ ಶೇಷವನ್ನು ತೆಗೆಯುವ ಕೊನೆಯ ಹಂತದಲ್ಲಿ ಈ ವಿಧಾನಕ್ಕೆ ಜಾಗವಿರಬಹುದು. ಅದು ಕೊನೆಯ ಒರೆಸು, ಮೊದಲ ತೊಳೆತವಲ್ಲ. ಈ ವ್ಯತ್ಯಾಸವನ್ನು ಹೇಳುವುದೇ ಪ್ರಾಮಾಣಿಕತೆ.

ಸಾಹಿತ್ಯದ ಓದುಗರಿಗೆ ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, ರೋಗ ಇರುವುದು ಭಾಷೆಯಲ್ಲಿ. ‘ಬಳಸಬಹುದು’ ಎಂಬ ಒಂದು ಕ್ರಿಯಾಪದದಲ್ಲಿ. ಯಾರು, ಎಲ್ಲಿ, ಎಷ್ಟು ಖರ್ಚಿನಲ್ಲಿ, ಯಾವ ನೀರಿಗೆ ಎಂದು ಹೇಳದೆಯೇ ಎಲ್ಲವನ್ನೂ ಹೇಳಿದಂತೆ ಕಾಣುವ ಪದ ಅದು. ಕಥೆಯಲ್ಲಿ ಇಂಥ ಪೊಳ್ಳು ವಾಕ್ಯ ಬಂದರೆ ನೀವು ಪುಟದ ಅಂಚಿನಲ್ಲಿ ಗೆರೆ ಎಳೆಯುತ್ತೀರಿ. ವಿಜ್ಞಾನದ ಬರಹಕ್ಕೂ ಅದೇ ಗೆರೆ ಎಳೆಯಿರಿ.

ಈ ವಿಷಯವನ್ನು ಕೈಗೆತ್ತಿಕೊಳ್ಳುವ ವಿದ್ಯಾರ್ಥಿಗಳಿಗೆ ನಾನು ಕೇಳುವುದು ದೊಡ್ಡ ಪ್ರಯೋಗಾಲಯವನ್ನಲ್ಲ. ಹತ್ತಿರದ ಬಣ್ಣದ ಮನೆಗೆ ಹೋಗಿ, ಅವರ ಒಪ್ಪಿಗೆ ಪಡೆದು ಒಂದು ಕ್ಯಾನ್ ನೀರು ತನ್ನಿ. ಅವರು ಯಾವ ಬಣ್ಣ ಹಾಕುತ್ತಾರೆ, ಎಷ್ಟು ಉಪ್ಪು ಹಾಕುತ್ತಾರೆ, ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಬಣ್ಣದ ಜೊತೆಗೆ ಸಿಒಡಿ ಅಳೆಯಿರಿ, ಕರಗಿದ ಲವಣ ಅಳೆಯಿರಿ. ಇವೆರಡಕ್ಕೂ ಪದವಿ ಕಾಲೇಜಿನ ಸಾಮಾನು ಸಾಕು. ಹೊಳೆಗೆ ಬಿಡುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 2,100 ಮಿಲಿಗ್ರಾಂ ಮೀರಬಾರದೆಂಬ ಮಿತಿಯಿದೆ, ಅದರ ಪಕ್ಕದಲ್ಲಿ ನಿಮ್ಮ ಅಂಕಿಯನ್ನಿಡಿ. ಪುಡಿ ಹಾಕಿ ತಿಳಿಯಾಗಿಸಿದ ನೀರನ್ನು ಒಂದು ತಟ್ಟೆಯ ಹೆಸರುಕಾಳಿಗೆ, ಬಾವಿಯ ನೀರನ್ನು ಇನ್ನೊಂದು ತಟ್ಟೆಗೆ ಹಾಕಿ ಎಷ್ಟು ಕಾಳು ಮೊಳೆತವೆಂದು ಎಣಿಸಿ. ಮೊಳಕೆ ಬರದಿದ್ದರೆ ಬರಲಿಲ್ಲವೆಂದೇ ಬರೆಯಿರಿ. ಆ ವರದಿಯ ಒಂದು ಪುಟವನ್ನು ಕನ್ನಡದಲ್ಲಿ ಬರೆದು, ನೀರು ಕೊಟ್ಟವರ ಮನೆಗೆ ಕೊಟ್ಟು ಬನ್ನಿ.

ಪರಿಶೀಲಕರಾಗಿ ಕೂರುವ ನನ್ನಂಥವರು ಮಾಡಬೇಕಾದದ್ದು ಇನ್ನೂ ಸುಲಭ. ಈ ಅಂಕಿಗಳಿಲ್ಲದೆ ಬರುವ ಪ್ರಬಂಧದ ಕೊನೆಯ ವಾಕ್ಯವನ್ನು ಹೊಡೆದು ಹಾಕಿ ವಾಪಸು ಕಳಿಸುವುದು. ಉಳಿದದ್ದು ಒಳ್ಳೆಯ ವಿಜ್ಞಾನವಾಗಿದ್ದರೆ ಆ ವಾಕ್ಯವಿಲ್ಲದೆಯೂ ನಿಲ್ಲುತ್ತದೆ. ನಾನು ಈ ವರ್ಷದಿಂದ ಹಾಗೆಯೇ ಮಾಡುತ್ತಿದ್ದೇನೆ.